ಥರ್ಮಾಪಿಲೆಯ ಸಾವಿರ ಜನ

(ಶಿಕ್ಷಕರ ಮತ್ತು ನಾಗರಿಕರ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಪ್ರಾಚೀನ ಗ್ರೀಕರ ಶೌರ್ಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ತಾವು ನನಗೆ ಅಪ್ಪಣೆ ಮಾಡಿದಿರಿ. ನಾನು ಇತಿಹಾಸದ ಪಂಡಿತನಲ್ಲ. ಸಾಕ್ಷಿಗಳ ಹೇಳಿಕೆಗಳನ್ನು ತೂಗಿ ನೋಡಿ ಹೊಟ್ಟೆ ಹೊರೆಯುವ ವಕೀಲನು. ಪಂಡಿತರ ಸೊಗಸಾದ ನಿರೂಪಣೆ ನನ್ನಿಂದಾಗದು. ಆದರೆ ತೀರಿಹೋದ ದಾವೆಯೊಂದರ ಕಾಗದಪತ್ರಗಳನ್ನು ಮತ್ತೊಮ್ಮೆ ಬಿಚ್ಚಿ, ಯಾರಿಗೆ ನ್ಯಾಯ ಸಂದಿದೆ, ಯಾರಿಗೆ ಸಂದಿಲ್ಲ ಎಂಬದನ್ನು ವಿಚಾರಿಸುವದು ನನ್ನ ವೃತ್ತಿಗೆ ಒಗ್ಗಿದ ಕೆಲಸವಾಗಿದೆ. ಥರ್ಮಾಪಿಲೆಯ ಕಾಳಗದ ವಿಷಯದಲ್ಲಿ ಅಂಥ ಮರುವಿಚಾರಣೆ ಅವಶ್ಯವೆಂದು ನನ್ನ ನಮ್ರ ಅಭಿಪ್ರಾಯ.

ಈ ಕಾಳಗದ ಹೆಸರನ್ನು ತಾವೆಲ್ಲರೂ ಬಲ್ಲಿರಿ. ಮುನ್ನೂರು ಜನ ಸ್ಪಾರ್ಟಾದ ವೀರರು ಲಕ್ಷಾವಧಿ ಶತ್ರುಗಳನ್ನು ಅಡ್ಡಗಟ್ಟಿ ನಿಂತು ಮಡಿದರೆಂದು ಹುಡುಗರು ಬಾಯಿಪಾಠ ಮಾಡುತ್ತಾರೆ. ಇದು ಸುಳ್ಳಲ್ಲ. ಆದರೆ ಸಾಕ್ಷಿಯ ಕಟ್ಟೆ ಹತ್ತಿದವನು ಸತ್ಯವನ್ನು ಹೇಳಿದರಷ್ಟೇ ಸಾಲದು, ಪೂರ್ಣ ಸತ್ಯವನ್ನು ಹೇಳಬೇಕು. ಆ ಪೂರ್ಣ ಸತ್ಯವು ಈ ಮುನ್ನೂರರ ಮಾತಿನಲ್ಲಿ ಇಲ್ಲ.

ಮೊದಲು ಸಂಗತಿಗಳನ್ನು ನೋಡೋಣ. ಕ್ರಿ.ಪೂ. 490ರಲ್ಲಿ ಪಾರಸೀಕ ಚಕ್ರವರ್ತಿಯಾದ ಡೇರಿಯಸನ ದಂಡು ಮ್ಯಾರಥಾನ್ ಬಯಲಿನಲ್ಲಿ ಅಥೆನ್ಸಿನವರಿಂದ ಸೋತು ಹಿಂದಿರುಗಿತು. ಅವನ ಮಗ ಝರ್ಕ್ಸಿಸನು ಆ ಅಪಮಾನವನ್ನು ತೊಳೆಯಬೇಕೆಂದು ಕ್ರಿ.ಪೂ. 480ರಲ್ಲಿ ತಾನೇ ದಂಡೆತ್ತಿ ಬಂದನು. ಹೆಲೆಸ್ಪಾಂಟ್ ಜಲಸಂಧಿಗೆ ಹಡಗುಗಳನ್ನು ಸಾಲಾಗಿ ಜೋಡಿಸಿ ಎರಡು ಸೇತುವೆ ಹಾಕಿಸಿದನು. ಆಥೋಸ್ ಪರ್ವತದ ಹಿಂಬದಿಯ ನೆಲವನ್ನು ಕಡಿಸಿ ಹಡಗುಗಳಿಗೆ ಕಾಲುವೆ ಮಾಡಿಸಿದನು. ಅವನ ಆಳ್ವಿಕೆಗೆ ಒಳಪಟ್ಟ ಸಕಲ ದೇಶಗಳ ಜನರೂ ಆ ದಂಡಿನಲ್ಲಿದ್ದರು. ಸಿಂಧೂ ನದಿಯ ಕಡೆಯ ನಮ್ಮ ಭಾರತೀಯರೂ ಅದರಲ್ಲಿದ್ದರು. ಅವರು ಹತ್ತಿಯ ಅರಿವೆ ತೊಟ್ಟು, ಬೆತ್ತದ ಬಿಲ್ಲು ಹಿಡಿದು ಬಂದಿದ್ದರೆಂದು ಗ್ರೀಕ ಇತಿಹಾಸಕಾರನು ಬರೆದಿಟ್ಟಿದ್ದಾನೆ. ತಮಗೆ ಯಾವ ದ್ವೇಷವೂ ಇಲ್ಲದ ಜನರ ಮೇಲೆ, ತಮ್ಮದಲ್ಲದ ರಾಜನ ಸಲುವಾಗಿ, ಸಾವಿರಾರು ಹರದಾರಿ ನಡೆದು ಹೋದ ಆ ಬಡಪಾಯಿಗಳ ಮನಸ್ಸಿನಲ್ಲಿ ಏನಿದ್ದಿತೋ, ಅದನ್ನು ಕೇಳಿ ಬರೆದವರಾರೂ ಇಲ್ಲ.

ನಮ್ಮ ಮುಖ್ಯ ಸಾಕ್ಷಿ ಹಿರೋಡೋಟಸನು. ಅವನು ಕ್ರಿ.ಪೂ. 484ರ ಸುಮಾರಿಗೆ ಹುಟ್ಟಿದವನು. ಕಾಳಗ ನಡೆದಾಗ ಚಿಕ್ಕ ಮಗು. ಅವನು ಕಣ್ಣಾರೆ ಕಂಡುದಲ್ಲ, ಮುಂದೆ ಬಲ್ಲವರನ್ನು ಕೇಳಿ ಬರೆದುದು. ಪಾರಸೀಕರ ಕಾಲಾಳುಗಳೇ 17 ಲಕ್ಷವೆಂದು ಅವನ ಲೆಕ್ಕ. ಇಷ್ಟು ಜನಕ್ಕೆ ಅನ್ನ ನೀರು ಒದಗಿಸುವದು ಅಶಕ್ಯವೆಂದು ಇಂದಿನ ಇತಿಹಾಸಕಾರರು ಅದನ್ನು ಒಪ್ಪುವದಿಲ್ಲ. ಒಂದರಿಂದ ಮೂರು ಲಕ್ಷದೊಳಗೆ ಇದ್ದಿರಬೇಕೆಂದು ಬಹು ಜನರ ಮತ. ಅಷ್ಟಕ್ಕಿಳಿಸಿದರೂ ಈ ದಾವೆಯ ತಿರುಳು ಬದಲಾಗುವದಿಲ್ಲ.

ಗ್ರೀಕರಾದರೋ ಒಂದು ರಾಜ್ಯದವರಲ್ಲ. ಒಂದೊಂದು ಊರೂ ಒಂದೊಂದು ರಾಜ್ಯ, ನೆರೆಯೂರೇ ಹಗೆ. ಚಕ್ರವರ್ತಿಯ ದೂತರು ಬಂದು ಶರಣಾಗತಿಯ ಗುರುತಾಗಿ ಮಣ್ಣು ನೀರು ಕೇಳಿದಾಗ ಅನೇಕ ಊರವರು ಕೊಟ್ಟುಬಿಟ್ಟರು. ಕೊಡದೆ ಉಳಿದವರು ಕೊರಿಂಥದ ಭೂಸಂಧಿಯಲ್ಲಿ ಸಭೆ ಸೇರಿ, ತಮ್ಮೊಳಗಿನ ಜಗಳಗಳನ್ನು ಬದಿಗಿಟ್ಟು, ಸ್ಪಾರ್ಟಾದ ಮುಂದಾಳುತನವನ್ನು ಒಪ್ಪಿದರು. ಉತ್ತರದಿಂದ ಬರುವ ದಂಡನ್ನು ಥರ್ಮಾಪಿಲೆಯಲ್ಲಿ ತಡೆಯಬೇಕೆಂದೂ, ಅದೇ ಕಾಲಕ್ಕೆ ಹತ್ತಿರದ ಆರ್ಟಿಮಿಸಿಯಂ ಬಳಿ ಹಡಗುಪಡೆಯನ್ನು ತಡೆಯಬೇಕೆಂದೂ ಗೊತ್ತಾಯಿತು.

ಥರ್ಮಾಪಿಲೆ ಎಂದರೆ ಬಿಸಿನೀರಿನ ಬಾಗಿಲು. ಅಲ್ಲಿ ಗಂಧಕದ ಬಿಸಿ ಬುಗ್ಗೆಗಳು ಇಂದಿಗೂ ಹರಿಯುತ್ತವೆ. ಒಂದು ಮಗ್ಗುಲಿಗೆ ಕಡಿದಾದ ಬೆಟ್ಟ, ಇನ್ನೊಂದು ಮಗ್ಗುಲಿಗೆ ಸಮುದ್ರ. ನಡುವೆ ಇಕ್ಕಟ್ಟಾದ ದಾರಿ. ಅದರ ಎರಡೂ ತುದಿಗಳಲ್ಲಿ ಒಂದು ಬಂಡಿ ಹೋಗುವಷ್ಟೇ ಅಗಲವಿದ್ದಿತು. ಇಂದು ಹೋಗಿ ನೋಡಿದವರಿಗೆ ಆ ಇಕ್ಕಟ್ಟು ಕಾಣುವದಿಲ್ಲ. ಸ್ಪರ್ಖಿಯಸ್ ನದಿಯು ತಂದ ಹೂಳಿನಿಂದ ಕಡಲು ಎಷ್ಟೋ ದೂರ ಹಿಂದೆ ಸರಿದು ಬಯಲಾಗಿದೆ.

ಈ ದಾರಿಯನ್ನು ಕಾಯಲು ಬಂದವರೆಷ್ಟು ಜನ? ಇಲ್ಲಿ ಹಿರೋಡೋಟಸನ ಲೆಕ್ಕ ಸ್ಪಷ್ಟವಾಗಿದೆ. ಸ್ಪಾರ್ಟಾದಿಂದ 300, ಟೀಜಿಯ ಮತ್ತು ಮ್ಯಾಂಟಿನಿಯಗಳಿಂದ ತಲಾ 500, ಆರ್ಕೇಡಿಯದ ಬೇರೆ ಊರುಗಳಿಂದ 1,120, ಕೊರಿಂಥದಿಂದ 400, ಫ್ಲಿಯಸ್ ಊರಿನಿಂದ 200, ಮೈಸೀನೆಯಿಂದ 80; ಇವರೆಲ್ಲರೂ ದಕ್ಷಿಣದ ಪೆಲೊಪೊನೀಸಿನವರು. ನಡುನಾಡಿನ ಬಿಯೋಷಿಯಾ ಪ್ರಾಂತದಿಂದ ಥೆಸ್ಪಿಯಾದವರು 700, ಥೀಬ್ಸಿನವರು 400; ಫೋಕಿಸಿನವರು 1,000, ಇವರಲ್ಲದೆ ಹತ್ತಿರದ ಲೋಕ್ರಿಯದವರು. ಒಟ್ಟು 5,000ಕ್ಕೂ ಮಿಕ್ಕಿ ಜನ. ಇವರ ದಳಪತಿ ಸ್ಪಾರ್ಟಾದ ಇಬ್ಬರು ಅರಸರಲ್ಲೊಬ್ಬನಾದ ಲಿಯೋನಿಡಾಸನು. ಸ್ಪಾರ್ಟಾದವರಿಗೆ ಆಗ ಕಾರ್ನಿಯಾ ಎಂಬ ಹಬ್ಬ. ಉಳಿದವರಿಗೆ ಒಲಿಂಪಿಕ್ ಉತ್ಸವ. ಹಬ್ಬ ತೀರಿದ ಮೇಲೆ ದೊಡ್ಡ ದಂಡು ಬರುವದೆಂದು ಹೇಳಿ ಇಷ್ಟು ಜನರನ್ನು ಮುಂದೆ ಕಳಿಸಿದ್ದರು. ಲಿಯೋನಿಡಾಸನು ಗಂಡು ಮಕ್ಕಳಿದ್ದ ಮುನ್ನೂರು ಜನರನ್ನೇ ಆರಿಸಿಕೊಂಡು ಬಂದನು. ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಝರ್ಕ್ಸಿಸನು ಎದುರಿಗೆ ಪಾಳೆಯ ಬಿಟ್ಟು, ಈ ಹಿಡಿಯಷ್ಟು ಜನ ಓಡಿಹೋಗುವರೆಂದು ನಾಲ್ಕು ದಿನ ಕಾದನು. ಅವನ ಗೂಢಚಾರನು ಬಂದು ನೋಡಿದಾಗ ಸ್ಪಾರ್ಟಾದವರಲ್ಲಿ ಕೆಲವರು ಅಂಗಸಾಧನೆ ಮಾಡುತ್ತಿದ್ದರು, ಕೆಲವರು ತಮ್ಮ ಉದ್ದ ಕೂದಲನ್ನು ಬಾಚಿಕೊಳ್ಳುತ್ತಿದ್ದರು. ಚಕ್ರವರ್ತಿಗೆ ನಗು ಬಂದಿತು. ಆಗ ಅವನ ಬಳಿಯಲ್ಲಿದ್ದ, ಸ್ಪಾರ್ಟಾದಿಂದ ಹೊರದೂಡಲ್ಪಟ್ಟ ಅರಸನಾದ ಡಿಮರಾಟಸನು, ಪ್ರಾಣವನ್ನು ಪಣಕ್ಕೊಡ್ಡುವಾಗ ತಲೆಗೂದಲನ್ನು ಒಪ್ಪಗೊಳಿಸಿಕೊಳ್ಳುವದು ತನ್ನ ಜನರ ರೂಢಿಯೆಂದು ತಿಳಿಸಿದನು. ಇದೇ ಡಿಮರಾಟಸನು ಇದಕ್ಕೂ ಮೊದಲೇ ಒಂದು ಮಾತು ಹೇಳಿದ್ದನು. ತನ್ನ ಜನರು ಸ್ವತಂತ್ರರಾದರೂ ಅವರಿಗೂ ಒಬ್ಬ ಒಡೆಯನುಂಟೆಂದೂ, ಆ ಒಡೆಯನು ಕಾಯಿದೆಯೆಂದೂ, ಚಕ್ರವರ್ತಿಯ ಪ್ರಜೆಗಳು ಚಕ್ರವರ್ತಿಗೆ ಅಂಜುವದಕ್ಕಿಂತ ಹೆಚ್ಚಾಗಿ ಅವರು ಅದಕ್ಕೆ ಅಂಜುವರೆಂದೂ ಆ ಮಾತಿನ ತಾತ್ಪರ್ಯ. ವಕೀಲನಾದ ನನಗೆ ಈ ಮಾತು ಬಹಳ ಹಿಡಿಸಿದೆ. ಅರಸನಿಗೆ ಅಂಜಿ ನಿಂತವನು ಅರಸನ ಕಣ್ಣು ತಪ್ಪಿದೊಡನೆ ಓಡುತ್ತಾನೆ. ತಾನೇ ಒಪ್ಪಿಕೊಂಡ ಕಾಯಿದೆಗೆ ಕಟ್ಟುಬಿದ್ದವನು ಯಾರೂ ನೋಡದಿದ್ದರೂ ನಿಲ್ಲುತ್ತಾನೆ.

ಐದನೆಯ ದಿನ ಕಾಳಗ ತೊಡಗಿತು. ಮೊದಲು ಮೀಡರೂ ಸಿಸಿಯನ್ನರೂ ಏರಿ ಬಂದರು. ಅವರು ಸೋತ ಮೇಲೆ ಅಮರರೆಂದು ಹೆಸರಾದ ಚಕ್ರವರ್ತಿಯ ಸ್ವಂತ ಪಡೆ ಹೈಡಾರ್ನಿಸನ ಕೈಕೆಳಗೆ ಬಂದಿತು. ದಾರಿ ಇಕ್ಕಟ್ಟು, ಗ್ರೀಕರ ಈಟಿಗಳು ಉದ್ದ, ಗುರಾಣಿಗಳು ದೊಡ್ಡವು, ಪಾರಸೀಕರ ಸಂಖ್ಯೆಯೇ ಅವರಿಗೆ ಹೊರೆಯಾಯಿತು. ಸಿಂಹಾಸನದ ಮೇಲೆ ಕುಳಿತು ನೋಡುತ್ತಿದ್ದ ಝರ್ಕ್ಸಿಸನು ತನ್ನ ದಂಡಿನ ಗತಿಗೆ ಬೆದರಿ ಮೂರು ಸಲ ಎದ್ದು ನಿಂತನಂತೆ. ಎರಡನೆಯ ದಿನವೂ ಹಾಗೆಯೇ ಕಳೆಯಿತು.

ಆಗ ಎಫಿಯಾಲ್ಟಿಸನೆಂಬ ಆ ಸೀಮೆಯವನೊಬ್ಬನು ಬಹುಮಾನದ ಆಸೆಯಿಂದ ಚಕ್ರವರ್ತಿಯ ಬಳಿಗೆ ಹೋಗಿ, ಬೆಟ್ಟದ ಮೇಲಿನಿಂದ ಗ್ರೀಕರ ಬೆನ್ನಿಗೆ ಇಳಿಯುವ ಕಾಲುದಾರಿಯನ್ನು ತೋರಿಸಿಕೊಟ್ಟನು. ದೀಪ ಹಚ್ಚುವ ಹೊತ್ತಿಗೆ ಹೈಡಾರ್ನಿಸನ ಪಡೆ ಹೊರಟಿತು. ಆ ದಾರಿಯನ್ನು ಕಾಯಲು ಫೋಕಿಸಿನ ಸಾವಿರ ಜನರಿದ್ದರು. ಬೆಳಗಿನ ಜಾವ ತರಗೆಲೆಗಳ ಸಪ್ಪಳ ಕೇಳಿ ಅವರು ಎಚ್ಚತ್ತರು. ಬಾಣಗಳ ಮಳೆ ಸುರಿದೊಡನೆ ಶತ್ರುವು ತಮ್ಮನ್ನೇ ಗುರಿಯಿಟ್ಟು ಬಂದನೆಂದು ತಿಳಿದು ಗುಡ್ಡದ ತುದಿಗೇರಿ ಸಾಯಲು ಸಿದ್ಧರಾಗಿ ನಿಂತರು. ಪಾರಸೀಕರು ಅವರನ್ನು ಕಣ್ಣೆತ್ತಿಯೂ ನೋಡದೆ ದಾರಿ ಹಿಡಿದು ಇಳಿದು ಹೋದರು. ಬಂಧುಗಳೇ, ಫೋಕಿಸಿನವರು ಹೇಡಿಗಳಲ್ಲ. ಸಾಯಲು ಸಿದ್ಧರಿದ್ದರು, ಆದರೆ ಸಾಯಬೇಕಾದ ಸ್ಥಳವನ್ನು ಬಿಟ್ಟು ಬೇರೆ ಕಡೆಗೆ ಸಾಯಲು ಹೋದರು. ಪ್ರಾಣ ಕೊಡಲು ಸಿದ್ಧನಾಗುವದು ಬೇರೆ, ಒಪ್ಪಿಸಿದ ಕೆಲಸವನ್ನು ಕಾಯುವದು ಬೇರೆ.

ಕಾವಲುಗಾರರು ಓಡಿ ಬಂದು ಸುದ್ದಿ ಹೇಳಿದರು. ಲಿಯೋನಿಡಾಸನು ಉಳಿದ ಊರುಗಳ ಪಡೆಗಳಿಗೆ ಹಿಂದಿರುಗಲು ಹೇಳಿ, ತಾನು ತನ್ನ ಮುನ್ನೂರು ಜನರೊಡನೆ ನಿಂತನು. ಏಕೆ ನಿಂತನು? ಸ್ಪಾರ್ಟಾ ಹಾಳಾಗಬೇಕು, ಇಲ್ಲವೆ ಅದರ ಅರಸನು ಮಡಿಯಬೇಕು ಎಂದು ಡೆಲ್ಫಿಯ ದೇವವಾಣಿಯಾಗಿತ್ತೆಂದು ಹಿರೋಡೋಟಸನು ಹೇಳುತ್ತಾನೆ. ಇಂದಿನ ಇತಿಹಾಸಕಾರರಲ್ಲಿ ಹಲವರು ಇನ್ನೊಂದು ಕಾರಣವನ್ನು ಕಾಣುತ್ತಾರೆ. ಎಲ್ಲರೂ ಒಮ್ಮೆಲೆ ದಾರಿ ಬಿಟ್ಟಿದ್ದರೆ ಪಾರಸೀಕರ ಕುದುರೆ ದಂಡು ಬಯಲಿನಲ್ಲಿ ಬೆನ್ನಟ್ಟಿ ಅವರನ್ನು ಕಡಿದು ಹಾಕುತ್ತಿತ್ತು. ಕೆಲವರು ನಿಂತುದರಿಂದ ಮೂರು ಸಾವಿರ ಜನ ಬದುಕಿ, ಮರು ವರುಷ ಕಾದಲು ಉಳಿದರು. ನನಗೆ ಈ ವಾದವು ಸಾಧುವಾಗಿ ತೋರುತ್ತದೆ. ಹಾಗಿದ್ದರೆ ಅವರು ಸಾವನ್ನು ಬಯಸಿ ನಿಂತವರಲ್ಲ, ಇತರರ ಬದುಕಿಗಾಗಿ ನಿಂತವರು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಸ್ಪಾರ್ಟಾದ ಮುನ್ನೂರು ಜನ ನಿಂತರು. ಅವರ ಕಾಯಿದೆಯು ಬೆನ್ನು ತೋರಿಸಿ ಬಂದವನಿಗೆ ಊರಿನಲ್ಲಿ ಬೆಂಕಿಯನ್ನೂ ಕೊಡದಂಥ ಕಠಿಣ ಕಾಯಿದೆ. ಥೀಬ್ಸಿನ 400 ಜನರನ್ನು ಲಿಯೋನಿಡಾಸನು ಬಲವಂತದಿಂದ ಇಟ್ಟುಕೊಂಡನೆಂದೂ, ಅವರು ಕೊನೆಗೆ ಶರಣಾದರೆಂದೂ ಹಿರೋಡೋಟಸನ ಹೇಳಿಕೆ. ಪ್ಲುಟಾರ್ಕನು ಇದನ್ನು ಒಪ್ಪದೆ ಪ್ರತಿವಾದ ಹೂಡಿದ್ದಾನೆ. ಇವರಿಬ್ಬರಲ್ಲದೆ ಅಲ್ಲಿ ಮೂರನೆಯವರಿದ್ದರು. ಥೆಸ್ಪಿಯಾದ 700 ಜನ, ಡಯಡ್ರೋಮಿಸನ ಮಗ ಡೆಮೋಫಿಲಸನ ಕೈಕೆಳಗೆ, ಲಿಯೋನಿಡಾಸನನ್ನು ಬಿಟ್ಟು ಹೋಗಲಾರೆವೆಂದು ತಾವಾಗಿಯೇ ನಿಂತರು. ಅವರನ್ನು ಯಾರೂ ತಡೆದಿರಲಿಲ್ಲ. ಅವರಿಗೆ ಹಿಂದಿರುಗಲು ಅಪ್ಪಣೆಯಾಗಿತ್ತು. ಅವರ ಊರಿನಲ್ಲಿ ಸ್ಪಾರ್ಟಾದ ಕಾಯಿದೆಯಿರಲಿಲ್ಲ. ಅವರು ಬಾಲ್ಯದಿಂದ ಯುದ್ಧವನ್ನೇ ಕಲಿತವರಲ್ಲ.

ಥೆಸ್ಪಿಯಾ ಎಂಬದು ಹೆಲಿಕಾನ್ ಬೆಟ್ಟದ ಬುಡದಲ್ಲಿದ್ದ ಒಂದು ಸಣ್ಣ ಊರು. ಬಿಯೋಷಿಯಾದಲ್ಲಿ ಚಕ್ರವರ್ತಿಗೆ ಮಣಿಯದೆ ಉಳಿದ ಊರುಗಳು ಎರಡೇ: ಥೆಸ್ಪಿಯಾ ಮತ್ತು ಪ್ಲೇಟಿಯಾ. ಲೆಕ್ಕವನ್ನು ನೋಡಿರಿ. ಸ್ಪಾರ್ಟಾದಲ್ಲಿ ಆಗ ಸುಮಾರು 8,000 ಪೌರರಿದ್ದರೆಂದು ಡಿಮರಾಟಸನ ಮಾತು. ಅದರಲ್ಲಿ ಬಂದವರು 300. ನೂರಕ್ಕೆ ನಾಲ್ಕು ಜನರೂ ಆಗಲಿಲ್ಲ. ಥೆಸ್ಪಿಯಾದ 700 ಜನರಾದರೋ ಆ ಊರಿನ ಕವಚಧಾರಿ ಯೋಧರಲ್ಲಿ ಬಹುತೇಕ ಎಲ್ಲರೂ ಆಗಿದ್ದಿರಬೇಕೆಂದು ಇತಿಹಾಸಕಾರರ ಊಹೆ. ಮರು ವರುಷ ಪ್ಲೇಟಿಯಾದ ಕಾಳಗಕ್ಕೆ ಥೆಸ್ಪಿಯಾದಿಂದ 1,800 ಜನ ಬಂದರು; ಆದರೆ ಅವರಲ್ಲಿ ಭಾರಿ ಆಯುಧಗಳುಳ್ಳವರು ಯಾರೂ ಇರಲಿಲ್ಲ. ಸ್ಪಾರ್ಟಾವು ದೂರದ ದಕ್ಷಿಣದಲ್ಲಿದ್ದಿತು. ಥೆಸ್ಪಿಯಾವು ಶತ್ರುವಿನ ದಾರಿಯ ಮೇಲೆಯೇ ಇದ್ದಿತು. ಈ ಏಳು ನೂರು ಜನ ನಿಂತಾಗ ತಮ್ಮ ಪ್ರಾಣವಷ್ಟೇ ಅಲ್ಲ, ತಮ್ಮ ಮನೆಮಾರುಗಳೂ ಹೋಗುವವೆಂದು ಅವರು ಬಲ್ಲರು. ಹಾಗೆಯೇ ಆಯಿತು. ಝರ್ಕ್ಸಿಸನು ಥೆಸ್ಪಿಯಾವನ್ನು ಸುಟ್ಟು ಹಾಕಿದನು. ಊರಿನ ಜನ ಮೊದಲೇ ಪೆಲೊಪೊನೀಸಿಗೆ ಹೊರಟುಹೋಗಿದ್ದರು.

ಅಂದಿನ ಕಾಳಗವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗ್ರೀಕರು ಗೋಡೆಯ ಮರೆಯನ್ನು ಬಿಟ್ಟು ಅಗಲವಾದ ಸ್ಥಳಕ್ಕೆ ಬಂದು ಕಾದಿದರು. ಈಟಿಗಳು ಮುರಿದವು, ಕತ್ತಿಗಳಿಂದ ಹೊಡೆದಾಡಿದರು. ಲಿಯೋನಿಡಾಸನು ಬಿದ್ದನು. ಅವನ ದೇಹಕ್ಕಾಗಿ ನಡೆದ ಹೋರಾಟದಲ್ಲಿ ಶತ್ರುಗಳನ್ನು ನಾಲ್ಕು ಸಲ ಹಿಂದಟ್ಟಿದರು. ಝರ್ಕ್ಸಿಸನ ತಮ್ಮಂದಿರಿಬ್ಬರು ಅಲ್ಲಿ ಮಡಿದರು. ಹೈಡಾರ್ನಿಸನ ಪಡೆ ಬೆನ್ನ ಹಿಂದೆ ಕಂಡಾಗ ಉಳಿದವರು ಒಂದು ದಿನ್ನೆಯನ್ನೇರಿ, ಚೂರಿಯಿದ್ದವರು ಚೂರಿಯಿಂದ, ಇಲ್ಲದವರು ಕೈಗಳಿಂದ, ಹಲ್ಲುಗಳಿಂದ ಹೋರಾಡುತ್ತ ಬಾಣಗಳ ರಾಶಿಯಲ್ಲಿ ಹೂತುಹೋದರು. 1939ರಲ್ಲಿ ಸ್ಪಿರಿಡಾನ್ ಮರಿನಾಟಸ್ ಎಂಬ ಗ್ರೀಕ ಸಂಶೋಧಕರು ಆ ದಿನ್ನೆಯನ್ನು ಅಗೆಸಿದಾಗ ಅಲ್ಲಿ ಪಾರಸೀಕರ ರೀತಿಯ ಬಾಣದ ಮೊನೆಗಳು ರಾಶಿಯಾಗಿ ದೊರೆತವು. ಇಷ್ಟು ಕಾಲದ ಮೇಲೆ ನೆಲವೇ ಬಂದು ಹಿರೋಡೋಟಸನ ಪರವಾಗಿ ಸಾಕ್ಷಿ ನುಡಿದಂತಾಯಿತು.

ಇನ್ನೊಂದು ಪಕ್ಷದವರ ಹೆಸರನ್ನೂ ಇಲ್ಲಿ ಎತ್ತದೆ ಇರಲಾರೆ. ಆ ಹೆಣಗಳ ನಡುವೆ ಹೆಲಟರ ಹೆಣಗಳೂ ಇದ್ದವು. ಹೆಲಟರೆಂದರೆ ಸ್ಪಾರ್ಟಾದವರ ಹೊಲಗಳನ್ನು ಉಳುತ್ತಿದ್ದ ಜೀತದ ಜನ. ಕಾಯಿದೆಯೇ ಒಡೆಯನೆಂದು ಹೆಮ್ಮೆಪಟ್ಟ ಸ್ಪಾರ್ಟಾದವರು, ಆ ಕಾಯಿದೆಯ ರಕ್ಷಣೆಯನ್ನು ತಮಗೆ ಅನ್ನ ಬೆಳೆದು ಕೊಡುವವರಿಗೆ ಕೊಡಲಿಲ್ಲ. ಸ್ವಾತಂತ್ರ್ಯಕ್ಕಾಗಿ ಸತ್ತವರು ಬೇರೆಯವರ ಸ್ವಾತಂತ್ರ್ಯವನ್ನು ಕಸಿದುಕೊಂಡವರೂ ಆಗಿರಬಹುದೆಂಬ ಕಹಿ ಸಂಗತಿಯನ್ನು ವಿದ್ಯಾರ್ಥಿಗಳಿಂದ ಮುಚ್ಚಿಡಬಾರದು.

ಧೈರ್ಯವೆಂದರೇನು ಎಂಬುದಕ್ಕೆ ಸ್ಪಾರ್ಟಾದವರೇ ಕೊಟ್ಟ ಒಂದು ತೀರ್ಪನ್ನು ಹೇಳುತ್ತೇನೆ. ಮುನ್ನೂರು ಜನರಲ್ಲಿ ಯೂರಿಟಸ್, ಅರಿಸ್ಟೋಡೆಮಸ್ ಎಂಬ ಇಬ್ಬರು ಕಣ್ಣುಬೇನೆಯಿಂದ ಹಿಂದಿನ ಹಳ್ಳಿಯಲ್ಲಿ ಮಲಗಿದ್ದರು. ಯೂರಿಟಸನು ತನ್ನ ಹೆಲಟನ ಕೈ ಹಿಡಿದು ರಣಕ್ಕೆ ಹೋಗಿ ಮಡಿದನು. ಅರಿಸ್ಟೋಡೆಮಸನು ಊರಿಗೆ ಬಂದನು. ಊರವರು ಅವನೊಡನೆ ಮಾತು ಬಿಟ್ಟರು, ನಡುಗುವವನೆಂದು ಹೆಸರಿಟ್ಟರು. ಮರು ವರುಷ ಪ್ಲೇಟಿಯಾದಲ್ಲಿ ಅವನು ಸಾಲನ್ನು ಬಿಟ್ಟು ಮುನ್ನುಗ್ಗಿ, ಎಲ್ಲರಿಗಿಂತ ಹೆಚ್ಚಿನ ಪರಾಕ್ರಮ ತೋರಿ ಸತ್ತನು. ಆದರೂ ಸ್ಪಾರ್ಟಾದವರು ಅವನಿಗೆ ವೀರಮನ್ನಣೆ ಕೊಡಲಿಲ್ಲ. ಕಳಂಕ ತೊಳೆಯಲು ಸಾವನ್ನು ಬೇಕೆಂದೇ ಹುಡುಕಿಕೊಂಡು ಹೋದನು, ಸಾಯುವ ಇಚ್ಛೆಯಿಲ್ಲದೆ ವೀರನಾಗಿ ಕಾದಿದ ಪೋಸಿಡೋನಿಯಸನೇ ಮೇಲು ಎಂದು ನಿರ್ಣಯಿಸಿದರು. ತೀರ್ಪು ನಿರ್ದಯವಾದುದು, ಆದರೆ ಅದರೊಳಗಿನ ತತ್ತ್ವ ಸರಿಯಾಗಿದೆ. ಬದುಕು ಬೇಡವಾದವನು ಪ್ರಾಣ ಬಿಡುವದರಲ್ಲಿ ತ್ಯಾಗವೇನಿದೆ? ಬದುಕು ಬೇಕಾಗಿದ್ದೂ, ಮನೆ ಹೆಂಡಿರು ಮಕ್ಕಳ ನೆನಪಿದ್ದೂ, ಹೋಗಲು ದಾರಿ ತೆರೆದಿದ್ದೂ ನಿಂತವನೇ ಧೀರನು. ಈ ಅಳತೆಯಿಂದ ಅಳೆದರೆ ಥೆಸ್ಪಿಯಾದ ಏಳು ನೂರು ಜನರ ಧೈರ್ಯವು ಸ್ಪಾರ್ಟಾದವರ ಧೈರ್ಯಕ್ಕಿಂತ ಒಂದು ಕೂದಲೆಳೆಯಾದರೂ ಮೇಲೆಂದು ನಾನು ವಾದಿಸುತ್ತೇನೆ. ಅವರು ನಿಜವಾದ ಅರ್ಥದಲ್ಲಿ ಸ್ವಯಂಸೇವಕರು.

ಅವರಿಗೆ ದೊರೆತುದೇನು? ಸ್ಪಾರ್ಟಾದ ಮುನ್ನೂರು ಜನರ ಹೆಸರುಗಳನ್ನು ಹಿರೋಡೋಟಸನು ಕೇಳಿ ತಿಳಿದುಕೊಂಡಿದ್ದನು. ಸ್ಪಾರ್ಟಾದಲ್ಲಿ ಆ ಹೆಸರುಗಳ ಕಲ್ಲು ಕ್ರಿಸ್ತಶಕದ ಎರಡನೆಯ ಶತಮಾನದಲ್ಲಿಯೂ ನಿಂತಿತ್ತು. ರಣಭೂಮಿಯಲ್ಲಿ, ನಮ್ಮ ವೀರಗಲ್ಲುಗಳಂತೆ, ಶಾಸನಗಳನ್ನು ನಿಲ್ಲಿಸಿದರು. ದಿನ್ನೆಯ ಮೇಲೆ ಲಿಯೋನಿಡಾಸನ ನೆನಪಿಗಾಗಿ ಕಲ್ಲಿನ ಸಿಂಹವನ್ನಿಟ್ಟರು. ಥೆಸ್ಪಿಯಾದವರಲ್ಲಿ ಹಿರೋಡೋಟಸನು ಹೆಸರಿಸಿದ ವೀರರು ಇಬ್ಬರೇ: ದಳಪತಿ ಡೆಮೋಫಿಲಸನು, ಮತ್ತು ಅವರಲ್ಲೆಲ್ಲ ಹೆಚ್ಚಿನ ಶೌರ್ಯ ತೋರಿದ ಡಿಥಿರಾಂಬಸನು. ಗೆದ್ದ ಗ್ರೀಕರು ಡೆಲ್ಫಿಯಲ್ಲಿ ನಿಲ್ಲಿಸಿದ ಕಂಚಿನ ಸರ್ಪಸ್ತಂಭದ ಮೇಲೆ 31 ಊರುಗಳ ಹೆಸರುಗಳಲ್ಲಿ ಥೆಸ್ಪಿಯಾದ ಹೆಸರೂ ಇದೆ. ಆ ಸ್ತಂಭವು ಇಂದು ಇಸ್ತಾಂಬುಲಿನಲ್ಲಿದೆ. ಆದರೆ ಕಂಚಿನ ಮೇಲಿನ ಹೆಸರು ಊರನ್ನು ಕಾಯಲಿಲ್ಲ. ಕ್ರಿ.ಪೂ. 423ರಲ್ಲಿ ನೆರೆಯ ಥೀಬ್ಸಿನವರೇ ಥೆಸ್ಪಿಯಾದ ಕೋಟೆಗೋಡೆಯನ್ನು ಕೆಡವಿದರು. ಪರರಾಜನ ಎದುರಿಗೆ ಕೂಡಿ ನಿಂತವರು, ಅವನು ಹೋದ ಮೇಲೆ ತಮ್ಮತಮ್ಮೊಳಗೆ ಕಾದಾಡಿ ಸಣ್ಣವರನ್ನು ತುಳಿದರು. ಥರ್ಮಾಪಿಲೆಯಲ್ಲಿ ಲಿಯೋನಿಡಾಸನ ಸ್ಮಾರಕ 1955ರಲ್ಲಿ ಎದ್ದಿತು. ಥೆಸ್ಪಿಯಾದವರ ಸ್ಮಾರಕವು ಅದರ ಮಗ್ಗುಲಿಗೆ ನಿಂತುದು 1997ರಲ್ಲಿ. ಅದು ತಲೆಯಿಲ್ಲದ ಮೂರ್ತಿ. ಹೆಸರಿಲ್ಲದೆ ಸತ್ತವರ ಗುರುತು.

ಆ ಊರಿನ ವಿಷಯವಾಗಿ ಇನ್ನೊಂದೇ ಸಂಗತಿಯನ್ನು, ವಿಶೇಷವಾಗಿ ಶಿಕ್ಷಕ ಬಂಧುಗಳಿಗಾಗಿ, ಹೇಳಿ ಮುಗಿಸುತ್ತೇನೆ. ಥರ್ಮಾಪಿಲೆಯ ತರುವಾಯ ಅದೇ ವರುಷ ಸಲಾಮಿಸ್ ಬಳಿ ಹಡಗುಗಳ ಕಾಳಗವಾಗಿ ಪಾರಸೀಕರು ಸೋತರು. ಅಥೆನ್ಸಿನ ಥೆಮಿಸ್ಟೋಕ್ಲಿಸನು ಉಪಾಯ ಹೂಡಿ ಚಕ್ರವರ್ತಿಯ ಹಡಗುಗಳನ್ನು ಇಕ್ಕಟ್ಟಿನ ನೀರಿಗೆ ಎಳೆದುದೇ ಆ ಗೆಲುವಿಗೆ ಕಾರಣ. ಶತ್ರುವಿನ ಪಾಳೆಯಕ್ಕೆ ಹೋಗಿ ಆ ಉಪಾಯದ ಸುದ್ದಿಯನ್ನು ಮುಟ್ಟಿಸಿದವನು ಸಿಸಿನಸ್. ಅವನು ದಾಸನು, ಥೆಮಿಸ್ಟೋಕ್ಲಿಸನ ಮಕ್ಕಳನ್ನು ಓದಿಗೆ ಹಚ್ಚಿ ನೋಡಿಕೊಳ್ಳುತ್ತಿದ್ದವನು. ಯುದ್ಧ ತೀರಿದ ಮೇಲೆ ಥೆಸ್ಪಿಯಾದವರು ಹೊಸ ಪೌರರನ್ನು ಸೇರಿಸಿಕೊಳ್ಳುತ್ತಿದ್ದರು. ಗಂಡಸರು ಹೋಗಿ ಬರಿದಾದ ಊರು ಅದು. ಆಗ ಈ ದಾಸನು ಥೆಸ್ಪಿಯಾದ ಪೌರನಾದನು. ಸ್ಪಾರ್ಟಾವು ತನ್ನ ಹೆಲಟರನ್ನು ಹೆಲಟರನ್ನಾಗಿಯೇ ಉಳಿಸಿಕೊಂಡಿತು; ಥೆಸ್ಪಿಯಾವು ಮಕ್ಕಳ ಪಾಲಕನಾಗಿದ್ದ ಒಬ್ಬ ದಾಸನಿಗೆ, ಮಡಿದ ವೀರರು ಬಿಟ್ಟುಹೋದ ಸ್ಥಳದಲ್ಲಿ ಪೌರನಾಗಿ ನಿಲ್ಲುವ ಅಧಿಕಾರ ಕೊಟ್ಟಿತು. ಈ ಎರಡರಲ್ಲಿ ಯಾವುದು ಸ್ವಾತಂತ್ರ್ಯವನ್ನು ಬಲ್ಲ ಊರೆಂಬುದನ್ನು ತಾವೇ ತೀರ್ಮಾನಿಸಿರಿ.

ನನ್ನ ಬಿನ್ನಹ ಸಣ್ಣದು. ಶಿಕ್ಷಕರೇ, ಇನ್ನು ಮುಂದೆ ಈ ಕಥೆಯನ್ನು ಹುಡುಗರಿಗೆ ಹೇಳುವಾಗ ಮುನ್ನೂರಕ್ಕೆ ನಿಲ್ಲಬೇಡಿರಿ. ಮುನ್ನೂರು ಸ್ಪಾರ್ಟಾದವರು, ಏಳು ನೂರು ಥೆಸ್ಪಿಯಾದವರು, ಕೂಡಿ ಸಾವಿರವೆಂದು ಹಲಗೆಯ ಮೇಲೆ ಬರೆಯಿರಿ. ಲೆಕ್ಕವಿಡದೆ ಬಿಟ್ಟ ಹೆಲಟರಿಗಾಗಿ ಅದರ ಮುಂದೆ ಸ್ವಲ್ಪ ಸ್ಥಳವನ್ನು ಬಿಡಿರಿ. ದೊಡ್ಡ ಹೆಸರುಳ್ಳವರ ಮಗ್ಗುಲಿಗೆ, ಯಾರ ಬಲವಂತವೂ ಇಲ್ಲದೆ ನಿಂತ ಸಣ್ಣ ಊರಿನವರೂ ಇದ್ದರೆಂಬದು ಆ ಹುಡುಗರಿಗೆ ತಿಳಿಯಲಿ. ನಮ್ಮಲ್ಲಿ ಬಹು ಜನರು ಸಣ್ಣ ಊರುಗಳವರೇ ಅಲ್ಲವೆ?